ಓ ಎನ್ನಲು ಒಂದು ಹೆಸರು

ಆ ಮುಂಜಾನೆ ಗದಗಿನಲ್ಲಿ ಗಾಳಿ ಬಿಟ್ಟರೆ ಬೇರೇನೂ ಇರಲಿಲ್ಲ. ಆಷಾಢದ ಗಾಳಿ. ಕಪ್ಪತಗುಡ್ಡದ ಕಡೆಯಿಂದ ಎದ್ದು ಬಂದು, ಊರಿನ ಒಂದೊಂದೇ ಕದ ಬಡಿದು, ಒಳಗೆ ಯಾರಿದ್ದೀರಿ ಎಂದು ಕೇಳಿ, ಉತ್ತರಕ್ಕೆ ಕಾಯದೆ ಮುಂದಿನ ಮನೆಗೆ ಹೋಗುತ್ತಿತ್ತು. ಮೋಡಗಳಿದ್ದವು, ಮಳೆ ಇರಲಿಲ್ಲ. ಹಗ್ಗದ ಮೇಲೆ ಹಾಕಿದ ಧೋತರ ನಿಂತಲ್ಲಿ ನಿಲ್ಲಲಾರದೆ ಒದ್ದಾಡುತ್ತಿತ್ತು. ಗಲಗಲಿಯವರ ಮನೆಯ ಪಡಸಾಲೆಯಲ್ಲಿ, ಮೇಜಿನ ಕೆಳಗೆ, ತಗಡಿನ ಪೆಟ್ಟಿಗೆಯೊಳಗೆ ನಾನಿದ್ದೆ. ಗಾಳಿ ನನ್ನನ್ನು ಮುಟ್ಟುತ್ತಿರಲಿಲ್ಲ. ಆದರೂ ನನಗೆ ಸಮಾಧಾನವಿರಲಿಲ್ಲ. ಬೆಳಗಾದಾಗಿನಿಂದ ನನ್ನನ್ನು ಯಾರೂ ಕರೆದಿರಲಿಲ್ಲ.

ನಾನು ಒಂದು ಲ್ಯಾನ್ ಕಾರ್ಡು. ಅಂಗೈಯಗಲದ ಹಸಿರು ಹಲಗೆ. ಒಂದು ಅಂಚಿಗೆ ಬಂಗಾರದ ಬಣ್ಣದ ಸಾಲುಹಲ್ಲು, ಇನ್ನೊಂದು ಅಂಚಿಗೆ ತಂತಿ ಸಿಕ್ಕಿಸುವ ಚೌಕ ಬಾಯಿ, ಬಾಯಿಯ ಪಕ್ಕದಲ್ಲಿ ಒಂದು ಪುಟ್ಟ ಹಸಿರು ದೀಪ. ಕಂಪ್ಯೂಟರಿನೊಳಗೆ ಕುಳಿತು ಹೊರಗಿನ ಮಾತನ್ನು ಒಳಕ್ಕೆ, ಒಳಗಿನ ಮಾತನ್ನು ಹೊರಕ್ಕೆ ದಾಟಿಸುವುದು ನನ್ನ ಕೆಲಸ. ಮನೆಗೆ ಹೊಸ್ತಿಲು ಹೇಗೋ ಕಂಪ್ಯೂಟರಿಗೆ ನಾನು ಹಾಗೆ. ದಾಟುವವರು ಹೊಸ್ತಿಲನ್ನು ನೋಡುವುದಿಲ್ಲ. ಎಡವಿದ ದಿನ ಮಾತ್ರ ನೋಡುತ್ತಾರೆ.

ಸಮುದ್ರದಾಚೆಯ ಯಾವುದೋ ನಡುಗಡ್ಡೆಯ ಕಾರ್ಖಾನೆಯಲ್ಲಿ ನಾನು ಹುಟ್ಟಿದೆ. ಬಾಯಿಗೆ ಬಿಳಿ ಬಟ್ಟೆ ಕಟ್ಟಿಕೊಂಡ ಹೆಂಗಸರು ನನ್ನ ಮೈಗೆ ಕರಿಯ ಚಿಪ್ಪುಗಳನ್ನು ಕೂರಿಸಿದರು. ಕೊನೆಗೆ ಒಬ್ಬಾಕೆ ನನ್ನ ಚಿಪ್ಪಿನೊಳಗೆ ಅಳಿಸಲಾಗದ ಹಾಗೆ ಒಂದು ಸಂಖ್ಯೆಯನ್ನು ಬರೆದು, ಅದನ್ನೇ ಒಂದು ಚೀಟಿಯಲ್ಲಿ ಮುದ್ರಿಸಿ ಬೆನ್ನಿಗೆ ಅಂಟಿಸಿದಳು. ಲೋಕದಲ್ಲಿ ಬೇರೆ ಯಾವ ಕಾರ್ಡಿಗೂ ಆ ಸಂಖ್ಯೆ ಇಲ್ಲವಂತೆ. ಗದಗಿನ ಮಾತಿನಲ್ಲಿ ಹೇಳುವುದಾದರೆ ಅದು ನನ್ನ ತೊಟ್ಟಿಲ ಹೆಸರು. ಕೂಸಿನ ಕಿವಿಯಲ್ಲಿ ಒಮ್ಮೆ ಹೇಳುತ್ತಾರಲ್ಲ, ಅಂಥದ್ದು. ಆಮೇಲೆ ಆ ಹೆಸರಿನಿಂದ ಯಾರೂ ಕರೆಯುವುದಿಲ್ಲ. ಕರೆಯುವುದಕ್ಕೆ ಬೇರೆ ಹೆಸರು ಬೇಕು.

ಬೆಳ್ಳಿಬಣ್ಣದ ಚೀಲದಲ್ಲಿ ಕಣ್ಣು ಮುಚ್ಚಿಕೊಂಡು ಹಡಗು ಹತ್ತಿದವನು ಕಣ್ಣು ಬಿಟ್ಟದ್ದು ಗದಗಿನ ಬಸ್ ನಿಲ್ದಾಣದ ಎದುರಿಗೆ, ಇಮ್ತಿಯಾಜನ ಸೈಬರ್ ಕೆಫೆಯಲ್ಲಿ. ಅಲ್ಲಿ ನನಗೆ 'ಲೋಕಲ್ ಏರಿಯಾ ಕನೆಕ್ಷನ್' ಎಂಬ ಮೊಳದುದ್ದದ ಹೆಸರಿತ್ತು. ಪರೀಕ್ಷೆಯ ಫಲಿತಾಂಶ ನೋಡಲು ಬಂದವರ ಎದೆಬಡಿತ, ರೈಲಿನ ಸೀಟು ಸಿಗದವರ ನಿಟ್ಟುಸಿರು, ದುಬೈಯಲ್ಲಿದ್ದ ಗಂಡನಿಗೆ ಮಗುವಿನ ಫೋಟೋ ಕಳಿಸುವ ಹೆಂಗಸಿನ ಅವಸರ, ಎಲ್ಲವೂ ನನ್ನ ಮೈಮೇಲೆ ಹಾದು ಹೋದವು. ಇಮ್ತಿಯಾಜ ಒಳ್ಳೆಯವನು. ವಾರಕ್ಕೊಮ್ಮೆ ನನ್ನ ಧೂಳು ಊದುತ್ತಿದ್ದ. ಕೆಫೆ ಮುಚ್ಚಿ ರಿಪೇರಿ ಅಂಗಡಿ ಹಾಕುವಾಗ ನನ್ನನ್ನು ಪೆಟ್ಟಿಗೆಯ ಸಮೇತ ಶ್ರೀಪಾದರಾವ್ ಗಲಗಲಿಯವರಿಗೆ ಮಾರಿದ. "ಸರ್, ಹಳೇದು ಖರೆ, ಆದ್ರ ಮನಿಯವರಂಗ ನೋಡಿಕೊಂಡೀನಿ," ಎಂದ. ಅಂಗಡಿಕಾರರು ಹೇಳುವ ಮಾತೇ. ಆದರೆ ಅವನ ಮಟ್ಟಿಗೆ ನಿಜ.

ಶ್ರೀಪಾದರಾವ್ ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು. ಯಾವುದನ್ನೂ ಬಿಚ್ಚದೆ ಬಿಡುವವರಲ್ಲ. ಗೋಡೆಯ ಗಡಿಯಾರ ಬಿಚ್ಚಿದ್ದರು, ಹೊಲಿಗೆ ಯಂತ್ರ ಬಿಚ್ಚಿದ್ದರು. ಗಡಿಯಾರ ಮಾತ್ರ ತಿರುಗಿ ಕೂಡಿತ್ತು. ಪೆಟ್ಟಿಗೆ ಮನೆಗೆ ಬಂದ ಸಂಜೆಯೇ ಅದರೊಳಗಿದ್ದುದನ್ನೆಲ್ಲ ಅಳಿಸಿ, ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ಹೊಸ ತಂತ್ರಾಂಶ ತುಂಬಿದರು. ಆಗ ನನಗೆ ಹೊಸ ಹೆಸರು ಬಂತು: ಈಥ್-ಸೊನ್ನೆ. ಮೊದಲನೆಯ ಕಾರ್ಡು ಎಂದು ಅರ್ಥ. ಅಲ್ಲಿ ಎಣಿಕೆ ಸೊನ್ನೆಯಿಂದ ಶುರು. ಶ್ರೀಪಾದರಾಯರಿಗೆ ಅದು ಬಹಳ ಹಿಡಿಸಿತು. ಒಂದು ಕಡತದಲ್ಲಿ ತಮ್ಮ ಕೈಯಾರೆ ಟೈಪು ಮಾಡಿದರು: ಈಥ್-ಸೊನ್ನೆಯನ್ನು ಎಬ್ಬಿಸು, ಈಥ್-ಸೊನ್ನೆಗೆ ಈ ವಿಳಾಸ ಕೊಡು. ದಿನಾ ಮುಂಜಾನೆ ಪೆಟ್ಟಿಗೆ ಎಚ್ಚರಾದ ಕೂಡಲೇ ಆ ಕಡತವನ್ನು ಓದಿ, "ಈಥ್-ಸೊನ್ನೇ" ಎಂದು ಕರೆಯುತ್ತಿತ್ತು. ನಾನು ಓ ಎನ್ನುತ್ತಿದ್ದೆ. ದೀಪ ಹತ್ತುತ್ತಿತ್ತು. ವರ್ಷಗಟ್ಟಲೆ ಹೀಗೇ ನಡೆಯಿತು.

ಮೇಜಿನ ಕೆಳಗಿದ್ದವನಿಗೆ ಮನೆಯವರ ಪಾದಗಳೇ ಪರಿಚಯ. ಶ್ರೀಪಾದರಾಯರದು ಬಿರುಕುಬಿಟ್ಟ ಹಿಮ್ಮಡಿ. ಅವರ ಚಿಕ್ಕಮ್ಮ, ಎಲ್ಲರೂ ವೆಂಕೂ ಮೌಶಿ ಎನ್ನುವ ಮುದುಕಿಯದು, ನೆಲಕ್ಕೆ ಸವರಿಕೊಂಡು ಹೋಗುವ ಒಣ ಪಾದ. ಅದರ ಹಿಂದೆ ಮುಂದೆ ದೇವರ ಸಾವಿರ ಹೆಸರುಗಳ ಗುನುಗು. ಇನ್ನು ಹೆಂಡತಿಯ ಪಾದ, ಬೆಳ್ಳಿಯ ಕಾಲುಂಗುರದ್ದು. ಆಕೆ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು ಅಕ್ಕಿ ಆರಿಸುವಾಗ ಮುಖವೂ ನನಗೆ ಕಾಣುತ್ತಿತ್ತು, ಪೆಟ್ಟಿಗೆಯ ಒಂದು ಮಗ್ಗುಲ ತಗಡನ್ನು ಬಿಚ್ಚಿದ ರಾಯರು ಅದನ್ನು ತಿರುಗಿ ಹಾಕಿರಲೇ ಇಲ್ಲವಾದ್ದರಿಂದ.

ಆಕೆಯ ಹೆಸರು ಪದ್ಮಾವತಿ. ತವರಿನಲ್ಲಿ ಚಂಪಾ. ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರವಿ, ಗಂಡನ ಕೈಯಲ್ಲಿ ಉಂಗುರ ಕೊಟ್ಟು, ಹೊಸ ಹೆಸರು ಬರೆಸುವ ಪದ್ಧತಿ ಇವರಲ್ಲಿ. ಶ್ರೀಪಾದರಾವ್ ದುಂಡಗೆ 'ಪದ್ಮಾವತಿ' ಎಂದು ಬರೆದಿದ್ದರಂತೆ. ಬರೆದವರು ತಾವು ಮಾತ್ರ ಆ ಹೆಸರಿನಿಂದ ಒಂದು ದಿನವೂ ಕರೆದವರಲ್ಲ. "ಏ, ಕೇಳಿಸ್ತೇನು," ಎನ್ನುತ್ತಿದ್ದರು. ಮೌಶಿ "ಪದ್ಮಾ" ಎನ್ನುತ್ತಿದ್ದಳು. ಚಂಪಾ ಎನ್ನುವವರು ಸೋಲಾಪುರದಲ್ಲಿ ಮಾತ್ರ ಇದ್ದರು: ಅಣ್ಣ ವಾಮನರಾವ್ ಮತ್ತು ಅವನ ಮನೆಯಲ್ಲಿದ್ದ ಅವ್ವ.

ಅವ್ವನಿಗೆ ಕಿವಿ ಮಂದ. ಫೋನು ನಡೆಯುತ್ತಿರಲಿಲ್ಲ. ಮುಖ ತೋರಿಸುವ ಮೊಬೈಲು ಆಗಿನ್ನೂ ಅಂಥ ಮನೆಗಳಿಗೆ ಬಂದಿರಲಿಲ್ಲ. ಅದಕ್ಕೇ ಶನಿವಾರ ಶನಿವಾರ ಕಂಪ್ಯೂಟರಿನ ಪರದೆಯ ಮೇಲೆ ತಾಯಿ ಮಗಳು ಕೂಡುತ್ತಿದ್ದರು. ತುಟಿ ನೋಡಿ ಅವ್ವ ಮಾತು ತಿಳಿದುಕೊಳ್ಳುತ್ತಿದ್ದಳು. ಆ ಮುಖ, ಆ ತುಟಿ, ಎಲ್ಲ ನನ್ನ ಮೂಲಕವೇ ಹಾದು ಬರಬೇಕಿತ್ತು. ಆದರೆ ಎರಡು ತಿಂಗಳಿಂದ ಅವ್ವ ಯಾರ ಗುರುತೂ ಹಿಡಿಯುತ್ತಿರಲಿಲ್ಲ. ಪರದೆಯ ಆಚೆ ಗೋಡೆ ನೋಡುತ್ತ ಮಲಗಿರುತ್ತಿದ್ದಳು. ಈಚೆ ಈಕೆ ಸುಮ್ಮನೆ ಕೂತಿರುತ್ತಿದ್ದರು.

ಆ ಗಾಳಿಯ ಮುಂಜಾನೆ ಫೋನು ಬಂತು. ಕಾಲುಂಗುರದ ಪಾದಗಳು ಓಡಿ ಬಂದವು.

"ಕೇಳಿದ್ರೇನ್ರೀ. ಅವ್ವ ಎಚ್ಚರಾಗ್ಯಾಳಂತ. ಅಣ್ಣನ ಗುರ್ತು ಹಿಡದಾಳ. 'ಚಂಪಾ ಎಲ್ಲಿ, ಚಂಪಾನ್ನ ಕರೀರಿ' ಅನ್ನಲಿಕ್ಕೆ ಹತ್ಯಾಳಂತ. ಎಷ್ಟೊತ್ತು ಹಿಂಗಿರ್ತಾಳೋ ಹೇಳಲಿಕ್ಕೆ ಬರೂದಿಲ್ಲ, ಲಗೂ ಕಂಪ್ಯೂಟರ್ ಹಚ್ಚು ಅಂದ ಅಣ್ಣ."

ರೈಲು ಹಿಡಿದು ಹೋಗುವಷ್ಟರಲ್ಲಿ ಸಂಜೆ. ಆ ಎಚ್ಚರ ಸಂಜೆಯವರೆಗೆ ಕಾಯುವಂಥದ್ದಲ್ಲ. ಶ್ರೀಪಾದರಾಯರು ಗುಂಡಿ ಒತ್ತಿದರು. ಪೆಟ್ಟಿಗೆ ಎಚ್ಚರಾಯಿತು. ಕಡತ ಓದಿತು. "ಈಥ್-ಸೊನ್ನೇ" ಎಂದು ಕರೆಯಿತು.

ನಾನು ಓ ಎನ್ನಲಿಲ್ಲ.

ಹಟದಿಂದಲ್ಲ. ಹಿಂದಿನ ದಿನ ಸಂಜೆ ರಾಯರು ಪೆಟ್ಟಿಗೆಗೆ ಹೊಸ ಕರ್ನಲ್ ಹಾಕಿದ್ದರು. ಕರ್ನಲ್ ಎಂದರೆ ಯಂತ್ರದ ತಿರುಳು; ಒಳಗಿನವರೆಲ್ಲ ಅದರ ಅಪ್ಪಣೆಯಲ್ಲಿ ನಡೆಯಬೇಕು. ಹೊಸದರ ಜೊತೆಗೆ ಹೊಸ ರೀತಿ ರಿವಾಜೂ ಬಂದಿತ್ತು. ಮೊದಲನೆಯವನು ಎರಡನೆಯವನು ಎಂದು ಎಣಿಸಿ ಹೆಸರಿಟ್ಟರೆ, ಇಬ್ಬರಿದ್ದ ಕಡೆ ಯಾರು ಮೊದಲು ಎಂದು ಗೊಂದಲವಾಗುತ್ತದಂತೆ. ಅದಕ್ಕೆ ಇನ್ನು ಮೇಲೆ ಎಲ್ಲರಿಗೂ ಅವರವರು ಕೂತ ಜಾಗದ ಹೆಸರು. ನಾನು ಮೂರನೆಯ ಸಾಲಿನ ಸೊನ್ನೆಯ ಗೂಡಿನಲ್ಲಿ ಕೂತವನು. ನನಗೆ ಈಎನ್‌ಪಿ-ಮೂರು-ಎಸ್-ಸೊನ್ನೆ ಎಂದಿಟ್ಟರು. ಇದೇನೂ ಅನ್ಯಾಯವಲ್ಲ. ಗಲಗಲಿ ಊರಿನಿಂದ ಬಂದವರು ಗಲಗಲಿಯವರು ಆದ ಹಾಗೆ. ಆದರೆ ರಾಯರ ಕಡತಕ್ಕೆ ಇದನ್ನು ಯಾರೂ ತಿಳಿಸಿರಲಿಲ್ಲ. ಅದು ಹಳೆಯ ಹೆಸರನ್ನೇ ಕೂಗುತ್ತಿತ್ತು. ನಾನು ಮೂರು ಬೆರಳು ದೂರದಲ್ಲಿ ಎಚ್ಚರವಾಗಿ, ಬಾಯಲ್ಲಿ ತಂತಿ ಕಚ್ಚಿಕೊಂಡು, ನನ್ನನ್ನು ಯಾವಾಗ ಕರೆದಾರು ಎಂದು ಕಾದಿದ್ದೆ.

ಪರದೆಯ ಮೇಲೆ ಮೂಡಿತು: ಈಥ್-ಸೊನ್ನೆ, ಅಂಥ ಸಾಧನ ಇಲ್ಲ.

"ಗಾಳಿಗೆ ವೈಯರ್ ಹರದದ," ಎಂದು ರಾಯರು ಧೋತರ ಎತ್ತಿ ಕಟ್ಟಿ ಮಾಳಿಗೆ ಹತ್ತಿದರು. ತಂತಿ ನೆಟ್ಟಗಿತ್ತು. ಇಳಿದು ಬಂದು ಫೋನು ಕಿವಿಗೆ ಹಿಡಿದರು; ಗುಂಯ್ ಎನ್ನುತ್ತಿತ್ತು. ನೆಟ್ ಕೊಡುವ ಕಂಪನಿಯ ಡಬ್ಬಿಯನ್ನು ಆರಿಸಿ ಹಚ್ಚಿದರು. ಅದರ ದೀಪಗಳೆಲ್ಲ ಹತ್ತಿದವು. ನನ್ನದೊಂದು ಹತ್ತಲಿಲ್ಲ.

"ಏನಾತೋ ಶ್ರೀಪಾದಾ, ಮ್ಯಾಲೆ ಕೆಳಗ ಕುಣೀಲಿಕ್ಕೆ ಹತ್ತೀದಿ," ಎಂದಳು ಮೌಶಿ.

"ನಿನ್ನೆ ಹೊಸಾ ಕರ್ನಲ್ ಹಾಕೀನಿ ಮೌಶಿ. ಅದು ಬಂದ ಮ್ಯಾಲೆ ನೆಟ್ ಹೋಗ್ಯದ."

"ಕರ್ನಲ್? ಮಿಲ್ಟ್ರಿಯಂವಾ? ಅವಗ ನಮ್ಮ ಮನ್ಯಾಗ ಏನ್ ಕೆಲಸಾ?"

"ಅಂವಲ್ಲ. ಕಂಪ್ಯೂಟರಿನ ಒಳಗಿನ ತಿರುಳು ಅದು. ಎಲ್ಲಾ ಅದರ ಹುಕುಮಿನ್ಯಾಗ ನಡೀತದ."

"ಹುಕುಮು ಮಾಡಾಂವ ಅಂದ ಮ್ಯಾಲೆ ಅಂವನ ಬಿಡು. ಹಳೇ ಕರ್ನಲ್ ಎಲ್ಲಿ ಹೋದ? ಅವನ್ನ ತಿರುಗಿ ಕರಿ."

"ಜಾಗಾ ತಿಂತದ ಅಂತ ಅಳಿಸಿಬಿಟ್ಟೆ."

"ಪಿಂಚಣಿ ಕೊಡಲಾರದ ಕಳಸೀದಿ. ಶಾಪಾ ಹಾಕಿ ಹೋಗ್ಯಾನ."

ಹೆಂಡತಿ ನಗಲಿಲ್ಲ. ಇಂಟರ್‌ನೆಟ್ಟಿನಲ್ಲಿ ನೋಡಿದರೆ ಉಪಾಯ ಗೊತ್ತಾಗಬಹುದಲ್ಲ ಎಂದು ಕೇಳಿದರು. "ಕೀಲಿಕೈ ಒಳಗಿಟ್ಟು ಬಾಗಲಾ ಹಾಕಿಧಂಗ ಆಗೇದ," ಎಂದರು ರಾಯರು. "ನೆಟ್ ಯಾಕ ಹೋಗ್ಯದ ಅಂತ ನೋಡಲಿಕ್ಕೆ ನೆಟ್ ಬೇಕು."

ಸೋಲಾಪುರದಿಂದ ಮತ್ತೆ ಫೋನು. "ಬಂದೆ ಅಣ್ಣಾ, ಈಗ ಬಂದೆ. ಮಲಗಸಬ್ಯಾಡ್ರಿ ಆಕಿನ್ನ," ಎನ್ನುತ್ತಿದ್ದ ದನಿ ಗಾಳಿಯನ್ನೂ ಮೀರಿ ಕೇಳುತ್ತಿತ್ತು. ಆಮೇಲೆ ಆಕೆ ನನ್ನ ಎದುರಿಗೇ ನೆಲದ ಮೇಲೆ ಕುಳಿತರು. ಕೈಯಲ್ಲಿ ಆರಿಸದ ಅಕ್ಕಿಯ ತಟ್ಟೆ. ಕಣ್ಣು ನನ್ನ ಹತ್ತದ ದೀಪದ ಮೇಲೆ. ನಾನು ಇಲ್ಲಿದ್ದೇನೆ ಎಂದು ಹೇಳಲು ನನಗೆ ದಾರಿ ಇರಲಿಲ್ಲ. ಕರೆಯದೆ ಮಾತಾಡುವ ಅಧಿಕಾರವನ್ನು ನಮ್ಮ ಜಾತಿಗೆ ಕೊಟ್ಟಿಲ್ಲ.

ರಾಯರು ಪೆಟ್ಟಿಗೆ ಆರಿಸಿ ನನ್ನನ್ನು ಹೊರಗೆಳೆದರು. ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿದರು, ಊದಿದರು, ತಿರುಗಿ ಕೂರಿಸಿ ಪೆಟ್ಟಿಗೆ ಹಚ್ಚಿದರು. ಮತ್ತೆ ಅದೇ ಕೂಗು, ಅದೇ ಮೌನ. ಪೆಟ್ಟಿಗೆಯಲ್ಲಿ ಯಾರು ಯಾರು ಇದ್ದೀರಿ ಎಂದು ಕೇಳಿ ಪಟ್ಟಿ ತೆಗೆದರು. ಅಲ್ಲಿ ನಾನಿದ್ದೆ. ಅವರು ನನ್ನನ್ನು ನೋಡಿದರು ಕೂಡ.

"ಇದ್ಯಾವುದೋ ಈಎನ್‌ಪಿ ಅಂತ ಬಂದು ಕೂತದ. ಕರ್ನಲ್ ಜೋಡಿ ಬಂದದ್ದಿರಬೇಕು. ನಮ್ಮದಲ್ಲ." ಮುಂದಕ್ಕೆ ಹೋದರು. ಎದುರಿಗೆ ನಿಂತು ನಮಸ್ಕಾರ ಮಾಡಿದವನನ್ನು, ಯಾರೋ ಪರವೂರಿನವರು ಎಂದು ದಾಟಿ ಹೋದ ಹಾಗೆ.

"ಸತ್ತದ ಇದು," ಎಂದರು ಕೊನೆಗೆ. ಪೆಟ್ಟಿಗೆ ಆರಿತು. ನಾನು ಮತ್ತೆ ಅವರ ಅಂಗೈಯಲ್ಲಿ. "ಇಮ್ತಿಯಾಜನ ಅಂಗಡಿಗೆ ಹೋಗಿ ಬ್ಯಾರೆ ಕಾರ್ಡ್ ತರ್ತೀನಿ. ಇದನ್ನ ಒಗದುಬಿಡು."

ಬೇರೆ ಯಾರು ಬಂದರೂ ಅವರಿಗೂ ಇದೇ ಗತಿ ಎಂದು ನನಗೆ ಗೊತ್ತಿತ್ತು. ಹೇಳುವುದು ಹೇಗೆ?

ಆಗ ಅಡುಗೆಮನೆಯಿಂದ ಮೌಶಿಯ ದನಿ. "ಪದ್ಮಾ, ಹಾಲು ಉಕ್ಕಲಿಕ್ಕೆ ಹತ್ಯದ ನೋಡವಾ, ನನ್ನ ಕೈ ಮಡಿಯಾಗದ."

ಆಕೆ ಕದಲಲಿಲ್ಲ.

"ಪದ್ಮಾ. ಏ ಪದ್ಮಾ."

ಆಕೆ ಅಕ್ಕಿಯ ತಟ್ಟೆ ಹಿಡಿದು ಹಾಗೇ ಕೂತಿದ್ದರು. ಒಲೆಯ ಮೇಲೆ ಚುರ್ ಎಂದು ಹಾಲು ಬಿದ್ದ ಸದ್ದು. ಮೌಶಿ ಪಾದ ಸವರಿಕೊಂಡು ಬಂದು ಎದುರಿಗೆ ನಿಂತಳು. "ಇಷ್ಟ ಸಮೀಪ ಕೂತೀದಿ, ಒದರಿ ಒದರಿ ಗಂಟಲಾ ಹೋತು. ಕಿವಿ ಕೆಟ್ಟಾವೇನ ನಿನ್ನವು?"

"ಕಿವಿ ಕೆಟ್ಟಿಲ್ಲ ಮೌಶಿ," ಎಂದರು ಆಕೆ, ಕನಸಿನಿಂದ ಎದ್ದವರ ಹಾಗೆ. "ಅಣ್ಣನ ಫೋನ್ ಬಂದಾಗಿಂದ ನಾ ಚಂಪಾ ಆಗಿ ಕೂತುಬಿಟ್ಟೀನಿ. ನೀವು ಪದ್ಮಾ ಅಂದ್ರ ಬ್ಯಾರೆ ಯಾರನ್ನೋ ಕರದ್ರಿ ಅನಿಸ್ತು."

ಚಪ್ಪಲಿಗೆ ಕಾಲು ಹಾಕುತ್ತಿದ್ದ ರಾಯರು ನಿಂತರು.

"ಏನಂದಿ?"

"ಏನಿಲ್ಲ. ಹೋಗ್ರಿ ಲಗೂ."

"ಕಿವಿ ಕೆಟ್ಟಿಲ್ಲ," ಎಂದು ತಮ್ಮಷ್ಟಕ್ಕೇ ಅಂದುಕೊಂಡರು. "ಇಲ್ಲೇ ಕೂತದ. ಹೆಸರು ಬ್ಯಾರೆ ಆಗೇದ." ಚಪ್ಪಲಿ ಬಿಟ್ಟು ಬಂದರು. ನನ್ನನ್ನು ಗೂಡಿಗೆ ಕೂರಿಸಿ ಪೆಟ್ಟಿಗೆ ಹಚ್ಚಿದರು. ಆ ಪರವೂರಿನ ಹೆಸರಿನ ಪಕ್ಕದಲ್ಲಿದ್ದ ಸಂಖ್ಯೆಯನ್ನು ಗಟ್ಟಿಯಾಗಿ ಓದಿದರು. ನೆಲಕ್ಕೆ ಕೂತು, ಕನ್ನಡಕ ಹಣೆಗೇರಿಸಿ, ನನ್ನ ಬೆನ್ನಿನ ಚೀಟಿಯನ್ನು ಓದಿದರು. ಎರಡೂ ಒಂದೇ. ನಡುಗಡ್ಡೆಯ ಆ ಹೆಂಗಸು ಕೊಟ್ಟ ತೊಟ್ಟಿಲ ಹೆಸರು ಕಡೆಗೂ ಒಮ್ಮೆ ಕೆಲಸಕ್ಕೆ ಬಂತು.

ಕಡತದಲ್ಲಿ ಹಳೆಯ ಹೆಸರನ್ನು ಅಳಿಸಿ ಹೊಸದನ್ನು ಬರೆದರು. ಪೆಟ್ಟಿಗೆ ಕರೆಯಿತು. ಓ ಎಂದೆ. ದೀಪ ಹತ್ತಿತು.

ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಮುಗಿಯಲಿಲ್ಲ.

ಕರೆ ಸೋಲಾಪುರಕ್ಕೆ ಹೋಯಿತು. ವಾಮನರಾವ್ ಡಾಕ್ಟರನ್ನು ಕರೆತರಲು ಹೊರಗೆ ಹೋಗಿದ್ದ. ಕರೆ ಎತ್ತಿದವಳು ಅವನ ಹೊಸ ಸೊಸೆ, ಮನೆಗೆ ಬಂದು ತಿಂಗಳಾಗಿಲ್ಲ, ಚಂಪಾ ಪದ್ಮಾವತಿ ಇಬ್ಬರೂ ಒಬ್ಬರೇ ಎಂದು ಅವಳಿಗೆ ಗೊತ್ತಿರಲಿಲ್ಲ. ಚಿತ್ರ ಇನ್ನೂ ಸರಿಯಾಗಿ ಮೂಡಿರಲಿಲ್ಲ. ಮಂಚದ ಮೇಲೆ ಗೋಡೆಗೆ ಮುಖ ಮಾಡಿದ್ದ ಮುದುಕಿ, "ಯಾರದು?" ಎಂದು ಕೇಳಿದ್ದು ನನ್ನ ಮೂಲಕ ಬಂತು. ಹುಡುಗಿ ಪರದೆ ನೋಡಿ, ಮುದುಕಿಯ ಕಿವಿಗೆ ಬಾಯಿಟ್ಟು ಕೂಗಿದಳು: "ಪದ್ಮಾವತಿ ಗಲಗಲಿ ಅಂತ, ಅಜ್ಜಿ."

"ಅಂಥಾಕಿ ಯಾರೂ ನನಗ ಗೊತ್ತಿಲ್ಲ. ಬಂದ್ ಮಾಡವಾ. ನನ್ನ ಚಂಪಾ ಬರಾಕಿದ್ದಾಳ, ದಾರಿ ಬಿಡ್ರಿ."

"ಅವ್ವಾ, ನಾನಽ," ಎಂದು ಇತ್ತ ಆಕೆ ಕೂಗಿದರು. ಆ ಕಿವಿಗೆ ಅದು ಕೇಳುವಂಥದ್ದಲ್ಲ. ಗೋಡೆ ನೋಡುವ ಕಣ್ಣಿಗೆ ತುಟಿ ಕಾಣುವಂಥದ್ದಲ್ಲ. ಹುಡುಗಿ ಅಜ್ಜಿಯ ಮಾತು ಮೀರಲಿಲ್ಲ. ಪರದೆ ಕರಿದಾಯಿತು.

ಆಕೆ ಅಳಲಿಲ್ಲ. ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತರು. ಸೋಲಾಪುರದ ಪರದೆಯ ಮೇಲೆ ಮೂಡಿದ್ದ ಆ ಹೆಸರು ರಾಯರೇ ಟೈಪು ಮಾಡಿದ್ದು, ನನ್ನದನ್ನು ಮಾಡಿದ ಹಾಗೆಯೇ. ಕುರ್ಚಿ ಎಳೆದುಕೊಂಡರು. ಅಳಿಸಿದರು. ಬರೆದರು.

"ಚಂಪಾ ಅಂತ ಹಾಕೀನಿ. ಅಡ್ಡಹೆಸರು?"

"ಬ್ಯಾಡ್ರಿ. ಅಷ್ಟ ಸಾಕು."

ಮತ್ತೆ ಕರೆ ಹೋಯಿತು. "ಅಜ್ಜಿ, ಚಂಪಾ ಅಂತ ಬಂದದ," ಎಂದು ಹುಡುಗಿ ಕೂಗಿದ್ದು ಕೇಳಿತು. ಮುದುಕಿ ಗೋಡೆಯಿಂದ ಈಚೆಗೆ ಹೊರಳಿದಳು. ಬಹಳ ಹೊತ್ತು ನೋಡಿದಳು. ನನ್ನ ದೀಪ ಮಿಟುಕುತ್ತಲೇ ಇತ್ತು. ಒಂದು ಕ್ಷಣ ತಪ್ಪಿದರೂ ಆ ನೋಟ ಹರಿದೀತೆಂದು ನಾನು ತಂತಿಯನ್ನು ಬಿಗಿಯಾಗಿ ಕಚ್ಚಿ ಹಿಡಿದಿದ್ದೆ.

"ಚಂಪೀ, ತಲಿ ಯಾಕ ಬಾಚಿಕೊಂಡಿಲ್ಲ?"

"ಗಾಳಿ ಅವ್ವಾ. ಗಾಳಿ ಭಾಳದ."

ತುಟಿ ನೋಡಿ ತಿಳಿದುಕೊಂಡಳು. "ಗದಗಿನ್ಯಾಗ ಮತ್ತೇನಿರ್ತದ, ಗಾಳಿ ಬಿಟ್ಟು. ಬಾ ಇಲ್ಲೆ, ಎಣ್ಣಿ ಹಚ್ಚತೀನಿ."

ಆಕೆ ಪರದೆಗೆ ತಲೆ ಬಗ್ಗಿಸಿದರು. ಅತ್ತ ಒಣಗಿದ ಕೈಯೊಂದು ಎದ್ದು ಗಾಜನ್ನು ಸವರಿತು. ಎಣ್ಣೆಯನ್ನು ದಾಟಿಸಲು ನನಗೆ ಬರುವುದಿಲ್ಲ. ದಾಟಿತು ಎಂದೇ ನಾನು ನಂಬಿದ್ದೇನೆ.

ಡಾಕ್ಟರು ಬರುವ ಹೊತ್ತಿಗೆ ಅವ್ವ ನಿದ್ದೆ ಹೋಗಿದ್ದಳು. ಆಮೇಲೆ ಅವಳು ಯಾರನ್ನೂ ಹೆಸರು ಹಿಡಿದು ಕರೆಯಲಿಲ್ಲ, ಶ್ರಾವಣದಲ್ಲಿ ತೀರಿಕೊಂಡಳು.

ಅಂದು ಮಧ್ಯಾಹ್ನ ರಾಯರು ಮೇಜಿನ ಕೆಳಗೆ ಬಗ್ಗಿ ನನ್ನ ತಿರುಪು ಬಿಗಿಯುತ್ತಿದ್ದಾಗ, ಆಚೆ ಹೆಂಗಸರ ಮಾತು ನಡೆದಿತ್ತು.

"ಮೌಶಿ, ನನ್ನ ಹೆಸರು ಯಾಕ ಬದಲ ಮಾಡಿದ್ರಿ ನೀವು?"

"ಮನ್ಯಾಗ ಒಬ್ಬಾಕಿ ಚಂಪಾ ಇದ್ಲಲ್ಲವಾ, ಶ್ರೀಪಾದನ ತಂಗಿ. ಇಬ್ಬರಿಗೂ ಒಂದ ಹೆಸರಿದ್ರ, ಒಬ್ಬಾಕಿನ್ನ ಕರದ್ರ ಇಬ್ಬರೂ ಓ ಅಂತಾರ."

"ಆಕಿಗೂ ಗಂಡನ ಮನ್ಯಾಗ ಸುಮಿತ್ರಾ ಅಂತ ಇಟ್ರು."

"ಇಟ್ರು. ಅಲ್ಲೂ ಯಾರೋ ಇದ್ರಂತ ಚಂಪಾ." ಮೌಶಿ ಬತ್ತಿ ಹೊಸೆಯುತ್ತ ಹೇಳಿದಳು, "ಈಗ ನೋಡಿದ್ರ ಎಲ್ಲೂ ಇಲ್ಲ."

ತಿರುಪು ಬಿಗಿಯುತ್ತಿದ್ದ ಕೈ ನಿಂತದ್ದು ನನಗೆ ಮಾತ್ರ ಗೊತ್ತು.

ಈಗ ನಾನು ಮುದುಕ. ತಂತಿಯಿಲ್ಲದ ಕಾಲ ಬಂತು. ಗಾಳಿಯಲ್ಲೇ ಮಾತು ಹೋಗುತ್ತದೆ. ರಾಯರು ನನ್ನನ್ನು ಗುಜರಿಗೆ ಹಾಕಲಿಲ್ಲ. ತಿರುಪು, ವಾಷರು, ಹಳೆಯ ಬೀಗಗಳ ಜೊತೆಗೆ ಮುಚ್ಚಳವಿಲ್ಲದ ಡಬ್ಬಿಯಲ್ಲಿ, ಅದೇ ಮೇಜಿನ ಕೆಳಗಿನ ಹಲಗೆಯ ಮೇಲೆ ಇಟ್ಟಿದ್ದಾರೆ. ಮೌಶಿಯ ಗುನುಗು ಇನ್ನೂ ಮುಂಜಾನೆ ಮುಂಜಾನೆ ಕೇಳುತ್ತದೆ. ದೇವರಿಗೆ ಸಾವಿರ ಹೆಸರು. ಯಾವುದರಿಂದ ಕರೆದರೂ ಓ ಎನ್ನುತ್ತಾನಂತೆ. ಅದು ದೊಡ್ಡವರ ಮಾತು. ನಮ್ಮಂಥ ಸಣ್ಣವರಿಗೆ ಓ ಎನ್ನಲು ಒಂದು ಹೆಸರು ಬೇಕು, ಮತ್ತು ಅದನ್ನು ನೆನಪಿಟ್ಟುಕೊಂಡವರು ಒಬ್ಬರು ಬೇಕು. ಚೀಟಿಯ ಅಕ್ಷರ ಮಸುಕಾಗಿದೆ. ಚಿಪ್ಪಿನೊಳಗಿನದು ಹಾಗೇ ಇದೆ.

ಮೊನ್ನೆ ರಾಯರಿಗೆ ಅರವತ್ತರ ಶಾಂತಿ ಆಯಿತು. ಪಡಸಾಲೆಯಲ್ಲೇ ಹೋಮ, ಎರಡನೆಯ ಸಲ ಮಾಂಗಲ್ಯ. "ಈ ಸಲ ಹುಡುಗಿ ಓಡಿ ಹೋಗೂದಿಲ್ಲ, ಮಣಕಾಲು ನೋಯ್ತಾವ," ಎಂದು ಮೌಶಿ ಎಲ್ಲರನ್ನೂ ನಗಿಸಿದಳು. ಬಂದವರು ಉಂಡು ಹೋದ ಮೇಲೆ ಹೆಂಡತಿ ನೆಲದ ಮೇಲೆ ಕುಳಿತು, ತಟ್ಟೆಯಲ್ಲಿ ಉಳಿದ ಅಕ್ಕಿಯಿಂದ ಹೂವಿನ ಎಸಳುಗಳನ್ನು ಆರಿಸುತ್ತಿದ್ದರು. ರಾಯರು ಬಂದು ಮೇಜು ಹಿಡಿದುಕೊಂಡು ಮೆಲ್ಲಗೆ ಎದುರಿಗೆ ಕುಳಿತರು. ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡು ಅಂಗೈಯಿಂದ ಅಕ್ಕಿಯನ್ನು ಸಮ ಮಾಡಿದರು. ಉಂಗುರ ತೆಗೆಯಲು ನೋಡಿದರು; ಊದಿದ ಬೆರಳಿನಿಂದ ಅದು ಬರಲಿಲ್ಲ. ಉಂಗುರವಿದ್ದ ಬೆರಳಿನಿಂದಲೇ ಬರೆದರು.

ಎರಡೇ ಅಕ್ಷರ.

ತಟ್ಟೆಯನ್ನು ತಿರುಗಿಸಿ, ಸದ್ದಾಗದ ಹಾಗೆ ಆಕೆಯ ಕಡೆಗೆ ಸರಿಸಿದರು.

ಆಕೆ ನೋಡಿದರು. ಯಾರೂ ಬಾಯಿ ಬಿಟ್ಟು ಕರೆದಿರಲಿಲ್ಲ. ಆದರೂ ಸಣ್ಣಗೆ, "ಓ" ಎಂದರು.